ಬೆಳೆ ರಕ್ಷಣೆಗೊಂದು ದುರ್ಬೀನು

ಅತ್ತಿಗುಂಡಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ಎದುರು ಮನೆಯ ಹೆಂಚು ಕಾಣುವುದಿಲ್ಲ. ಮಂಜು ಅಂಗಳಕ್ಕೇ ಬಂದು ಕೂರುತ್ತದೆ. ಕೈಮರದಿಂದ ಮೇಲೆ ಬರುವ ಜೀಪಿನವರು ಹಗಲಲ್ಲೇ ಲೈಟು ಹಾಕಿಕೊಂಡು, ಹಾರ್ನ್ ಒತ್ತಿಕೊಂಡು ಬರುತ್ತಾರೆ. ಇಂಥ ಊರಿನಲ್ಲಿ ನಮ್ಮ ಪಕ್ಕದ ತೋಟದ ಸಣ್ಣ ಸಾಹುಕಾರ್ರು ಆರುನೂರು ಮೀಟರು ದೂರಕ್ಕೆ ಗುರಿ ಹಿಡಿಯುವ ಕೋವಿ ತಯಾರು ಮಾಡಿಸಿದ್ದಾರೆ.

ಆರುನೂರು ಮೀಟರು. ತೋಟದೊಳಗೆ ನಿಂತರೆ ಆರು ಮಾರು ಆಚೆ ನಿಂತಿರುವುದು ರೈಟರೋ ಸಿಲ್ವರ್ ಮರವೋ ಗೊತ್ತಾಗುವುದಿಲ್ಲ. ಕೆಲಸದ ಲೆಕ್ಕದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ, ಅದು ಬೇರೆ ಮಾತು.

ಕೋವಿ ಹೊಸದಲ್ಲ. ಅವರ ತಾತನದು. ಕೋಲ್ಕತ್ತದ ಹತ್ತಿರ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ಹುಟ್ಟಿದ .315 ರೈಫಲು. ಸೈನ್ಯದ ಲೀ-ಎನ್‌ಫೀಲ್ಡಿಗೆ ಇರುವಂಥದೇ ಬೋಲ್ಟು, ನಳಿಗೆ ಮಾತ್ರ ಬೇರೆ ಅಳತೆ. ಸೈನ್ಯದ .303 ತೋಟೆ ಜನರ ಕೋವಿಗೆ ಕೂರಬಾರದು ಎಂಬ ಬ್ರಿಟಿಷರ ಕಾಲದ ಅನುಮಾನ ಅದು. ದೊರೆಗಳು ಹೋದರು. ಅನುಮಾನವನ್ನು ನಮ್ಮವರು ಜೋಪಾನವಾಗಿ ಇಟ್ಟುಕೊಂಡರು.

ಆ ಕೋವಿ ಮೊಮ್ಮಗನ ಕೈಗೆ ಬಂದ ಬಗೆಯೇ ಒಂದು ಪುರಾಣ. ತೋಟದ ಪಾಲು ಇನ್ನೂ ಕೋರ್ಟಿನಲ್ಲಿದೆ. ಅಕ್ಕತಂಗಿಯರು ಖಾತೆ ಬದಲಾವಣೆಗೆ ಇವತ್ತಿಗೂ ಸಹಿ ಹಾಕಿಲ್ಲ. ಆದರೆ ಕೋವಿ ತಮ್ಮನ ಹೆಸರಿಗೆ ಹೋಗಲು ನಮ್ಮ ತಕರಾರಿಲ್ಲ ಎಂದು ಎಲ್ಲರೂ ಒಂದೇ ಮಧ್ಯಾಹ್ನದಲ್ಲಿ ಬರೆದುಕೊಟ್ಟರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರ ತೀರಿಕೊಂಡರೆ, ಇಲ್ಲವೇ ಎಪ್ಪತ್ತು ದಾಟಿದರೆ, ಇಲ್ಲವೇ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡಿದ್ದರೆ ವಾರಸುದಾರನಿಗೆ ಲೈಸೆನ್ಸು ಕೇಳಬಹುದು. ಹೆಣ್ಣುಮಕ್ಕಳಿಗೂ ಕೇಳಬಹುದು. ಯಾರೂ ಕೇಳಲಿಲ್ಲ. ಅವರಿಗೆ ಎಕರೆ ಬೇಕಿತ್ತು.

ಈಗ ಆ ಕೋವಿಗೆ ಆದ ಸಂಸ್ಕಾರ ಕೇಳಿ.

ತಾತನ ಕಾಲದಲ್ಲಿ ಅದಕ್ಕೊಂದು ಬೀಟೆ ಮರದ ಹಿಡಿ ಇತ್ತು. ಮೂಲದ ಹಿಡಿ ಬಿರುಕು ಬಿಟ್ಟಾಗ ಊರಿನ ಆಚಾರರೊಬ್ಬರು ಕೆತ್ತಿಕೊಟ್ಟದ್ದು. ಕೆನ್ನೆ ಒರಗಿಸುವ ಜಾಗದಲ್ಲಿ ಬೆವರು, ತಲೆಗೆ ಹಚ್ಚಿದ ಎಣ್ಣೆ, ನಶ್ಯ ಎಲ್ಲ ಕುಡಿದು ಅಂಗೈಯಗಲ ಕಪ್ಪಾಗಿತ್ತು. ಮುದುಕರ ಮುಖದ ಅಚ್ಚು ಅಂತ ಉಳಿದಿದ್ದರೆ ಅದೊಂದೇ. ಫೋಟೋದಲ್ಲೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅದನ್ನು ಕಳಚಿ ಅಟ್ಟಕ್ಕೆ ಎಸೆದರು. ಅಲ್ಲೀಗ ಹಳೇ ಪಲ್ಪರ್ ಯಂತ್ರದ ಚಕ್ರದ ಜೊತೆ ಬಿದ್ದಿದೆ. ಅದರ ಜಾಗಕ್ಕೆ ಬೂದು ಬಣ್ಣದ ನಾರಿನ ಹಿಡಿ ಬಂತು. ಮುಟ್ಟಿದರೆ ಸ್ಕೂಟರಿನ ಮಡ್‌ಗಾರ್ಡು ಮುಟ್ಟಿದ ಹಾಗಿದೆ.

ಮುಂದೆ ಎರಡು ಮಡಚುಗಾಲು. ಕೋವಿಗೆ ಕಾಲು ಬಂದಿದೆ. ಸಾಹುಕಾರ್ರ ಕಾಲು ತೋಟ ಸುತ್ತುವುದು ಬಿಟ್ಟು ವರ್ಷಗಳಾದವು.

ಮೇಲೊಂದು ದುರ್ಬೀನು. ನಮ್ಮ ನಾಲ್ಕು ಎಕರೆಗೆ ಎರಡು ವರ್ಷ ಹಾಕುವ ಗೊಬ್ಬರದ ದುಡ್ಡು ಅದೊಂದಕ್ಕೇ ಆಗಿದೆ. ಅದರ ಎರಡು ಗಾಲಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ. ಗಾಳಿಗೆ ಇಷ್ಟು ಟಿಕ್ಕು, ದೂರಕ್ಕೆ ಅಷ್ಟು ಟಿಕ್ಕು. ಲೆಕ್ಕ ಮಾಡಲು ಫೋನಿನಲ್ಲೊಂದು ಆ್ಯಪು. ಆಳುಗಳ ಬಟವಾಡೆ ಲೆಕ್ಕ ಮಾತ್ರ ಇನ್ನೂ ಸಿಗರೇಟು ಪ್ಯಾಕಿನ ಹಿಂದೆಯೇ ನಡೆಯುತ್ತದೆ.

ಇದಲ್ಲದೆ ದೂರ ಅಳೆಯುವ ಲೇಸರ್ ಡಬ್ಬಿಯೊಂದಿದೆ. ಆಗಸ್ಟಿನ ಒಂದು ಸಂಜೆ ನನ್ನನ್ನು ಕರೆದು, ಎದುರಿನ ಗುಡ್ಡದ ಮೇಲಿನ ಒಂಟಿ ಮರಕ್ಕೆ ಹಿಡಿದು ತೋರಿಸಿದರು. ಮರ ಕಾಣುತ್ತಿರಲಿಲ್ಲ. ಗುಡ್ಡವೂ ಕಾಣುತ್ತಿರಲಿಲ್ಲ. ಡಬ್ಬಿ ಹದಿನಾಲ್ಕು ಮೀಟರು ಎಂದಿತು. ಅದು ಮಂಜನ್ನು ಅಳೆದಿತ್ತು. ಇನ್ನೊಮ್ಮೆ ಒತ್ತಿದರು. ಹನ್ನೊಂದು. ಮಂಜು ಹತ್ತಿರ ಬರುತ್ತಿತ್ತು.

"ಜರ್ಮನ್ ಗಾಜು," ಎಂದರು ಸಾಹುಕಾರ್ರು.

ಇದೆಲ್ಲ ಯಾತಕ್ಕೆ ಎಂದು ಕೇಳಿದೆ. ಕೇಳಬಾರದಿತ್ತು. ಮುಖ ಗಂಭೀರ ಮಾಡಿಕೊಂಡು, ಡಿಸಿ ಕಚೇರಿಯ ಅರ್ಜಿ ಓದುವ ದನಿಯಲ್ಲಿ ಹೇಳಿದರು: "ಬೆಳೆ ರಕ್ಷಣೆ."

ಈ ಎರಡು ಪದಗಳಿಗೆ ಮಲೆನಾಡಿನಲ್ಲಿ ಇರುವಷ್ಟು ಶಕ್ತಿ ಗಾಯತ್ರಿ ಮಂತ್ರಕ್ಕೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯುವವನನ್ನು ನೆನೆದದ್ದು ನಿಜ. ಆದರೆ ಕಾಯ್ದೆ ಬರೆದವರು ಬೆಳೆ ಕಾಯಲು ಎಂದು ಹೆಸರಿಸಿ ಹೇಳಿದ್ದು ಬಾಯಿಂದ ಮದ್ದು ತುಂಬುವ ಕೋವಿ. ನಾವು ಕೇಪಿನ ಕೋವಿ ಅನ್ನುತ್ತೇವಲ್ಲ, ಅದು. ಢಂ ಎಂದು ಸದ್ದಾಗಬೇಕು, ಹೊಗೆ ಬರಬೇಕು, ಹಂದಿ ಓಡಬೇಕು. ಅಷ್ಟೇ ಅದರ ಉದ್ದೇಶ. ಸಾಹುಕಾರ್ರ ಹಂದಿ ಆರುನೂರು ಮೀಟರು ಆಚೆ ನಿಂತು, ಬೇರೆಯವರ ಬೆಳೆ ತಿನ್ನುತ್ತಿರಬೇಕು.

ಅಲ್ಲ, ಇವರ ಬೆಳೆಯಾದರೂ ಯಾವುದು? ಅರೇಬಿಕಾ. ಈ ಗಿರಿಯಲ್ಲಿ ಅರೇಬಿಕಾದ ಪರಮಶತ್ರು ಜಿಂಕೆಯಲ್ಲ, ಬಿಳಿ ಕಾಂಡಕೊರಕ. ಉಗುರಿನಷ್ಟುದ್ದದ ದುಂಬಿ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ಕೊರೆಯುತ್ತಾ ಹೋಗುತ್ತದೆ. ಎಲೆ ಹಳದಿಯಾದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಗಿಡ ಸತ್ತಿರುತ್ತದೆ. ಅದಕ್ಕೆ ಇರುವ ಮದ್ದು ಬಗ್ಗಿ ನಿಂತು ಮಾಡುವ ಕೆಲಸ. ಗಿಡಗಿಡವನ್ನೂ ನೋಡಬೇಕು, ಕಾಂಡದ ಸಿಪ್ಪೆ ಉಜ್ಜಬೇಕು, ಸುಣ್ಣ ಬಳಿಯಬೇಕು, ಹುಳ ಹೊಕ್ಕ ಗಿಡ ಕಿತ್ತು ಸುಡಬೇಕು. ನೆರಳು ತೆಳುವಾದಲ್ಲಿ ಈ ಹುಳಕ್ಕೆ ಹಬ್ಬ. ಸಾಹುಕಾರ್ರು ಕಾಫಿಗೆ ಬೆಲೆ ಬಂದ ವರ್ಷವೇ ನೆರಳಿನ ಮರ ಕಡಿಸಿ ಮಾರಿದರು. ಆ ದುಡ್ಡಿನಲ್ಲಿ ಬಂದದ್ದು ದುರ್ಬೀನು.

ಕಾಂಡಕೊರಕಕ್ಕೆ ಆರುನೂರು ಮೀಟರಿನಿಂದ ಗುರಿ ಇಡಲಿ ನೋಡೋಣ.

ಇನ್ನು ಬೆಳೆಗೆ ನಿಜವಾಗಿ ನುಗ್ಗುವವರು. ಮೂಡಿಗೆರೆ, ಆಲ್ದೂರು ಕಡೆ ಆನೆ ಬಂದು ಗದ್ದೆ ತುಳಿಯುತ್ತದೆ, ಗಿಡ ಮುರಿಯುತ್ತದೆ, ಆಳುಗಳು ಸಾಯುತ್ತಾರೆ. ಆನೆಗೆ ಈ ಕೋವಿ ಎತ್ತುವಂತಿಲ್ಲ. ಕಾಟಿಗೂ ಎತ್ತುವಂತಿಲ್ಲ. ಮಂಗ ಏಲಕ್ಕಿ ಸುಲಿದು ತಿನ್ನುತ್ತದೆ. ಅದಕ್ಕೆ ಹನುಮಂತನ ರಕ್ಷಣೆ, ಜೊತೆಗೆ ಕಾಯ್ದೆಯದೂ. ಹಾಗಾಗಿ ಬೆಳೆ ರಕ್ಷಣೆಯ ಭಾರವೆಲ್ಲ ಕೊನೆಗೆ ಬಂದು ಕೂರುವುದು ಕಡವೆ ಮತ್ತು ಕಾಡುಕುರಿಯ ತಲೆ ಮೇಲೆ. ಅವುಗಳ ತಪ್ಪು ಎರಡು. ಕೊಂಬು ಇದೆ. ರುಚಿ ಇದೆ.

ಕಾನೂನು ಏನನ್ನುತ್ತದೆ ಎಂಬುದು ಸಾಹುಕಾರ್ರಿಗೆ ಗೊತ್ತಿಲ್ಲದ್ದೇನಲ್ಲ. ಎಲ್‌ಎಲ್‌ಬಿ ಮಾಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸು ಕೊಡುವ ಅವಕಾಶ ಇನ್ನೂ ಉಳಿದಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಹಾಕಿತು. ಅಲ್ಲಿಂದೀಚೆಗೆ ಶೋಕಿಗೆ ಜಿಂಕೆ ಹೊಡೆಯಲು ಪರವಾನಗಿ ಕೊಡುವ ಕಚೇರಿ ಈ ರಾಜ್ಯದಲ್ಲಿ ಒಂದೂ ಇಲ್ಲ. ಹೊಡೆದರೆ ಜೈಲು. ಮೊದಲ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು. ಹೊಡೆದ ಪ್ರಾಣಿ ಸರ್ಕಾರದ ಸೊತ್ತು. ವಶಪಡಿಸಿಕೊಂಡ ಕೋವಿಯೂ ಸರ್ಕಾರದ ಸೊತ್ತು. ತಾತನ ಕೋವಿ ಮೇಲೆ ಅಷ್ಟು ಅಭಿಮಾನವಿದ್ದವರು ಅದನ್ನು ಸರ್ಕಾರಕ್ಕೆ ದಾನ ಮಾಡಲು ಇಷ್ಟು ಖರ್ಚು ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಹುಚ್ಚಿನ ಬೀಜ ಬಿದ್ದದ್ದು ಟೆಕ್ಸಸ್‌ನಲ್ಲಿರುವ ಭಾವಮೈದನಿಂದ. ಅಲ್ಲಿ ಜಿಂಕೆ ಬೇಟೆಗೆ ಋತುಮಾನವಿದೆ. ಇಷ್ಟು ಜಿಂಕೆಗೆ ಇಷ್ಟು ಚೀಟಿ ಎಂಬ ಲೆಕ್ಕವಿದೆ. ಕೋವಿ ಮತ್ತು ತೋಟೆಯ ಮೇಲೆ ಹನ್ನೊಂದು ಪರ್ಸೆಂಟು ಕೇಂದ್ರ ತೆರಿಗೆ ಹಾಕಿ ಆ ದುಡ್ಡನ್ನು ವನ್ಯಜೀವಿಗಳಿಗೇ ತಿರುಗಿಸುವ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ 1937ರಿಂದ ಇದೆ. ಅದು ಸರಿಯೋ ತಪ್ಪೋ, ಅವರ ಪಾಡು. ಅಲ್ಲಿ ಕೋವಿ ಕೊಂಡರೆ ತೆರಿಗೆ ಕಾಡಿಗೆ ಹೋಗುತ್ತದೆ. ಇಲ್ಲಿ ಸೀದಾ ಕೋವಿಯೇ ಕಾಡಿಗೆ ಹೋಗುತ್ತದೆ. ಭಾವಮೈದನಿಂದ ಸಾಹುಕಾರ್ರು ಕಲಿತದ್ದು ಕ್ಯಾಮೊಫ್ಲಾಜ್ ಪ್ಯಾಂಟು ಮಾತ್ರ. ಒಣಗಿದ ಹುಲ್ಲಿನ ಬಣ್ಣದ್ದು. ನಮ್ಮ ಹಸಿರು ತೋಟದಲ್ಲಿ ಅದು ಕೈಮರದ ಚೆಕ್‌ಪೋಸ್ಟಿನಿಂದಲೇ ಕಾಣುತ್ತದೆ.

ಡಿಸೆಂಬರಿನಲ್ಲಿ ಮಂಜು ಸರಿದು ಆಕಾಶ ತೊಳೆದಿಟ್ಟ ಹಾಗಾಯಿತು. ಕೋವಿಯ ಗುರಿ ಕೂರಿಸುವ ಮುಹೂರ್ತ. ಹುಲ್ಲುಗುಡ್ಡದ ಅಂಚಿನಲ್ಲಿ ಸಾಹುಕಾರ್ರು ಅಡ್ಡಬಿದ್ದರು. ದೇವರಿಗೂ ಅಷ್ಟು ನೀಟಾಗಿ ಅಡ್ಡಬಿದ್ದವರಲ್ಲ. ಎದುರಿನ ಇಳಿಜಾರಿನಲ್ಲಿ ಸುಣ್ಣ ಬಳಿದ ಎಣ್ಣೆಡಬ್ಬ. ಆ ಗುಡ್ಡ ಅವರದಲ್ಲ. ಅದರ ಹಿಂದೆ ಬಾಬಾಬುಡನ್‌ಗಿರಿಯ ರಸ್ತೆ. ರಸ್ತೆ ತುಂಬ ಬೆಂಗಳೂರಿನ ಕಾರುಗಳು. ಕಾರಿನ ಮೇಲೆ ಕೂತು ಸೆಲ್ಫಿ ತೆಗೆದುಕೊಳ್ಳುವ ಮಕ್ಕಳು. ಈ ಗಿರಿಯಲ್ಲಿ ಆರುನೂರು ಮೀಟರು ದೂರದಲ್ಲಿ ಖಾತ್ರಿಯಾಗಿ ಕಾಣುವ ಪ್ರಾಣಿ ಪ್ರವಾಸಿಗ ಒಬ್ಬನೇ.

"ಗುಂಡು ಡಬ್ಬಕ್ಕೆ ತಾಗದೇ ಹೋದರೆ ಎಲ್ಲಿಗೆ ಹೋಗುತ್ತೆ ಸಾಹುಕಾರ್ರೆ?"

"ತಾಗುತ್ತೆ ಮಾರಾಯ್ರೆ."

ತಾಗಲಿಲ್ಲ. ಗುಡ್ಡ ಎರಡು ಸಲ ಗುಡುಗಿತು. ಮೇಯುತ್ತಿದ್ದ ದನ ಬಾಲ ಎತ್ತಿಕೊಂಡು ಓಡಿದವು. ಡಬ್ಬ ಬೆಳ್ಳಗೆ ನಿಂತೇ ಇತ್ತು. ಸಾಹುಕಾರ್ರು ಆ್ಯಪು ನೋಡಿ ಗಾಳಿಯನ್ನು ಬೈದರು. ಇಷಾಪುರದ ಆ ಹಳೇ ತೋಟೆಯ ಗುಂಡು ಮೊಂಡು ಮೂಗಿನ ಭಾರದ ಗುಂಡು. ದೂರ ಹೋದಷ್ಟೂ ಸುಸ್ತಾಗಿ ತಲೆ ಬಗ್ಗಿಸುತ್ತದೆ. ಅದಕ್ಕೆ ಎಷ್ಟು ಸಾವಿರದ ಗಾಜು ಹೊರಿಸಿದರೂ ಅದು ತಾತನ ಗುಂಡೇ. ಆ ಎರಡು ಗುಂಡು ಎಲ್ಲಿ ಬಿದ್ದವು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಾರನೇ ದಿನದ ಪೇಪರನ್ನು ನಾನು ಕೈ ನಡುಗಿಸಿಕೊಂಡು ತೆರೆದೆ. ಸಾಹುಕಾರ್ರು ಕಾಫಿ ರೇಟು ನೋಡಲು ತೆರೆದರು.

ಮಲೆನಾಡಿನ ಪೇಪರುಗಳಲ್ಲಿ ಆ ಸುದ್ದಿ ಹೊಸದೇನಲ್ಲ. ಶಿಕಾರಿಗೆ ಹೋದ ಗೆಳೆಯರಲ್ಲಿ ಒಬ್ಬ ಹೆಣವಾಗಿ ಬರುತ್ತಾನೆ. ಪೊದೆ ಅಲ್ಲಾಡಿತು, ಹಂದಿ ಅಂದುಕೊಂಡೆ. ದೂರಿನಲ್ಲಿ ಮಾತ್ರ ಶಿಕಾರಿ ಎಂಬ ಪದ ಇರುವುದಿಲ್ಲ. ಕೋವಿ ಸ್ವಚ್ಛ ಮಾಡುವಾಗ ಹಾರಿತು. ಕಾಲು ಜಾರಿತು. ರಾತ್ರಿ ಎರಡು ಗಂಟೆಗೆ, ಕಾಡಿನ ನಡುವೆ, ಹಣೆಗೆ ಟಾರ್ಚು ಕಟ್ಟಿಕೊಂಡು ಕೋವಿ ಸ್ವಚ್ಛ ಮಾಡುವಷ್ಟು ಶುಚಿ ನಮ್ಮ ಗಂಡಸರಿಗೆ.

ತಾತನನ್ನು ದೇವರು ಮಾಡುವ ಆಸೆ ನನಗಿಲ್ಲ. ಅವರು ಮರಸು ಕೂತು, ಹಳು ನುಗ್ಗಿಸಿ, ಸಿಕ್ಕಿದ್ದನ್ನೆಲ್ಲ ಹೊಡೆದವರೇ. ಬೇಟೆಯಾದ ಮೇಲೆ ಕೋವಿಗೊಂದು ಪಾಲು, ನಾಯಿಗೊಂದು ಪಾಲು ಎಂದು ಎಲೆಯ ಮೇಲೆ ಹಂಚಿದವರೇ. ದುಡ್ಡಿದ್ದವರು ಹುಲಿ ತಲೆಯನ್ನು ಮೈಸೂರಿನ ವಾನ್ ಇಂಗೆನ್‌ಗೆ ಕಳಿಸಿ ಸ್ಟಫ್ ಮಾಡಿಸಿ ತರಿಸಿದರು. ಆ ಕಾರ್ಖಾನೆಯೇ 1999ರಲ್ಲಿ ಬಾಗಿಲು ಹಾಕಿತು. ನಮ್ಮನೆಯ ಜಗುಲಿಯಲ್ಲೂ ಕಡವೆ ಕೊಂಬಿತ್ತು. ಅಪ್ಪ ಅದಕ್ಕೆ ಕೊಡೆ ನೇತುಹಾಕುತ್ತಿದ್ದರು. ಈಗ ಎರಡು ಮೊಳೆ ಉಳಿದಿವೆ, ಸುತ್ತ ಗೋಡೆಯ ಬಣ್ಣ ಸ್ವಲ್ಪ ತಿಳಿ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಹಾಕಿಕೊಂಡಿದ್ದಕ್ಕೆ ಬಿಗ್ ಬಾಸ್ ಮನೆಯಿಂದಲೇ ಒಬ್ಬರನ್ನು ಅರಣ್ಯ ಇಲಾಖೆ ಎಳೆದುಕೊಂಡು ಹೋಯಿತಲ್ಲ, ಆ ವಾರ ಈ ಜಿಲ್ಲೆಯ ಎಷ್ಟು ಜಗುಲಿಗಳಲ್ಲಿ ಹೀಗೆ ಬರೀ ಮೊಳೆ ಉಳಿದವೋ. ಉಗುರು ತೆಗೆದು ಬಚ್ಚಿಟ್ಟವರೇ ಟೀವಿ ಮುಂದೆ ಕೂತು, "ಒಳ್ಳೇದಾಯ್ತು, ಇಂಥವರಿಗೆ ಬುದ್ಧಿ ಬರಬೇಕು" ಎಂದರು.

ಮೂಡಿಗೆರೆಯಲ್ಲಿ ತೇಜಸ್ವಿ ಇದ್ದರು. ಅವರೂ ಒಂದು ಕಾಲಕ್ಕೆ ಕೋವಿ ಹಿಡಿದವರೇ. ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದರು. ದುರ್ಬೀನಿಗೂ ಕ್ಯಾಮೆರಾದ ಲೆನ್ಸಿಗೂ ಗಾಜು ಒಂದೇ, ಹಿಂದಿರುವ ಕಣ್ಣು ಬೇರೆ. ಸಾಹುಕಾರ್ರ ಷೋಕೇಸಿನಲ್ಲಿ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಪುಸ್ತಕಗಳೆಲ್ಲ ಇವೆ. ಅವುಗಳಿಂದ ಅವರು ಕಲಿತದ್ದು ಒಂದೇ, ಆಂಡರ್ಸನ್ ಹತ್ತಿರವೂ ಒಂದು ರೈಫಲ್ ಇತ್ತು.

ಇಷ್ಟಕ್ಕೂ ಬೇಟೆಯಲ್ಲಿ ಸಿಕ್ಕಿಬೀಳುವವರು ಯಾರು? ಲೈನ್ ಮನೆಯ ಆಳು. ಕ್ಲಚ್ ವೈರಿನ ಉರುಳು ಹಾಕಿ ಮೊಲ ಹಿಡಿದವನು. ಪೇಪರಿನಲ್ಲಿ ಅವನ ಫೋಟೋ ಬರುತ್ತದೆ. ಅವನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ, ಹಿಂದೆ ಆರು ಜನ ಸಿಬ್ಬಂದಿ ನೆಟ್ಟಗೆ. ಮುಂದೆ ವಶಪಡಿಸಿಕೊಂಡ ಮಾಲು: ಒಂದು ಕತ್ತಿ, ಒಂದು ಟಾರ್ಚು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಅರ್ಧ ಬೆಂದ ಸಾರು. ಉರುಳು ಕೆಟ್ಟದ್ದೇ. ಅದರಲ್ಲಿ ಚಿರತೆಯೂ ನರಳಿ ಸಾಯುತ್ತದೆ. ಅವನನ್ನು ಹಿಡಿದದ್ದು ಸರಿಯೇ. ಆದರೆ ಅದೇ ಸಿಬ್ಬಂದಿ ಸಾಹುಕಾರ್ರ ಜಗುಲಿಯಲ್ಲಿ ಕಾಫಿ ಕುಡಿಯುವಾಗ ಮಡಚುಗಾಲಿನ ಕೋವಿಯನ್ನು ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, "ಸೂಪರ್ ಆಗಿದೆ ಸಾರ್" ಎಂದದ್ದನ್ನು ಈ ಕಣ್ಣೇ ನೋಡಿದೆ.

ಇನ್ನು ಹೋಂಸ್ಟೇ ಅತಿಥಿಗಳು. ಕಾರಿನ ಹಿಂದೆ 'ಹುಲಿ ಉಳಿಸಿ' ಸ್ಟಿಕ್ಕರು. ಭದ್ರಾದಲ್ಲಿ ಬೆಳಿಗ್ಗೆ ಸಫಾರಿ ಮುಗಿಸಿ, ಜಿಂಕೆಗಳ ಕಣ್ಣು ಎಷ್ಟು ಮುಗ್ಧ ಎಂದು ಸ್ಟೇಟಸ್ ಹಾಕಿ, ಸಂಜೆ ಬೆಂಕಿಯ ಸುತ್ತ ಕೂತು ಮೆಲ್ಲಗೆ ಕೇಳುತ್ತಾರೆ: "ಸ್ಪೆಷಲ್ ಏನಾದ್ರೂ ಸಿಗುತ್ತಾ?" ಅಡುಗೆಯವನು ಅಷ್ಟೇ ಮೆಲ್ಲಗೆ ಚಿಕ್ಕಮಗಳೂರಿನ ಪೇಟೆಯಿಂದ ತಂದ ಊರುಹಂದಿಯನ್ನು ಕಾಡುಹಂದಿ ಎಂದು ಬಡಿಸುತ್ತಾನೆ. ಬೆರಳು ಚೀಪಿಕೊಂಡು, "ಟೇಸ್ಟೇ ಬೇರೆ" ಎನ್ನುತ್ತಾರೆ. ಈ ಇಡೀ ವ್ಯವಹಾರದಲ್ಲಿ ಕಾಡಿಗೆ ಉಪಕಾರ ಮಾಡಿದವನು ಆ ಸುಳ್ಳುಗಾರ ಒಬ್ಬನೇ.

ಕಳೆದ ಲೋಕಸಭಾ ಚುನಾವಣೆ ನೆನಪಿರಬೇಕು. 2024ರ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು. ಕೋವಿಗಳೆಲ್ಲ ಠಾಣೆಗೆ. ಜೂನ್ 4ರ ಎಣಿಕೆ ಮುಗಿಯುವ ತನಕ ಕಾಡುಹಂದಿಗಳೂ ನೀತಿಸಂಹಿತೆ ಪಾಲಿಸುತ್ತವೆ ಎಂದು ಆಯೋಗಕ್ಕೆ ನಂಬಿಕೆ. ಹತ್ತಿರದ ಠಾಣೆಯ ಮುಂದೆ ಸಾಲು. ನನ್ನ ಕೈಯಲ್ಲೂ ಅಪ್ಪನ ಒಂಟಿ ನಳಿಗೆ. ನನ್ನ ಮುಂದೆ ಒಬ್ಬ ಮುದುಕರು, ಹಿಡಿಗೆ ತಂತಿ ಸುತ್ತಿದ ಕೇಪಿನ ಕೋವಿಯನ್ನು ಮಗುವಿನ ಹಾಗೆ ಗೋಣಿಯಲ್ಲಿ ಸುತ್ತಿ ತಂದಿದ್ದರು. ಗದ್ದೆ ಎರಡು ಎಕರೆಯಂತೆ. ಹೋದ ವರ್ಷದ ಭತ್ತವೆಲ್ಲ ಹಂದಿಗೇ ಆಯಿತಂತೆ. ಅವರ ಮುಂದೆ ಸಣ್ಣ ಸಾಹುಕಾರ್ರು, ಗಿಟಾರು ಇಡುವಂಥ ಪೆಟ್ಟಿಗೆ ಹಿಡಿದು.

ಪೆಟ್ಟಿಗೆ ತೆರೆದಾಗ ಠಾಣೆ ಒಂದು ಕ್ಷಣ ಸುಮ್ಮನಾಯಿತು. ಪೇದೆ ಎದ್ದು ನಿಂತರು.

"ಇದೇನು ಸಾರ್, ಇಷ್ಟುದ್ದ?"

"ದುರ್ಬೀನು."

"ಯಾತಕ್ಕೆ ಸಾರ್?"

"ಹಂದಿ ನೋಡೋಕೆ."

ಪೇದೆ ಅದನ್ನು ಎತ್ತಿ ಕಿಟಕಿಯಿಂದ ಹೊರಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ. ಮುಚ್ಚಳ ತೆಗೆದಿರಲಿಲ್ಲ. ಸಾಹುಕಾರ್ರು ತೆಗೆದುಕೊಟ್ಟರು. ಈ ಸಲ ರಸ್ತೆಯಾಚೆ ಟೀ ಅಂಗಡಿಯವನ ಮೀಸೆ ಕಂಡಿತು. ಪೇದೆ ನಕ್ಕರು. ಸಾಲಿನಲ್ಲಿದ್ದವರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಆಮೇಲೆ ರಿಜಿಸ್ಟರು. ಹೆಸರು, ಲೈಸೆನ್ಸ್ ನಂಬರು, ಕೋವಿ ನಂಬರು. ಉದ್ದೇಶದ ಕಾಲಮ್ಮಿನಲ್ಲಿ 'ಬೆಳೆ ರಕ್ಷಣೆ' ಎಂದು ಬರೆದರು. ಅದರ ಪಕ್ಕ 'ದುರ್ಬೀನು ಸಹಿತ' ಎಂದು ಸೇರಿಸಿದರು. ಪೆನ್ನು ಗಾಳಿಯಲ್ಲಿ ನಿಂತಿತು. ಸಾಹುಕಾರ್ರ ಮುಖ ನೋಡಿದರು, ರಿಜಿಸ್ಟರು ನೋಡಿದರು.

"ಅದಕ್ಕೆ ಕಾಲಂ ಇಲ್ಲ ಸಾರ್," ಎಂದು 'ದುರ್ಬೀನು ಸಹಿತ'ವನ್ನು ಹೊಡೆದುಹಾಕಿದರು.

ನಂತರ ಮುದುಕರ ಸರದಿ. ಗೋಣಿ ಬಿಚ್ಚಿದರು. ಪೇದೆ ತಲೆ ಎತ್ತದೆ ಅದೇ ಕಾಲಮ್ಮಿನಲ್ಲಿ, ಮೇಲಿನ ಸಾಲಿಗೆ ಸರಿಯಾಗಿ ಎರಡು ಚುಕ್ಕೆ ಇಟ್ಟರು. ಮೇಲಿನಂತೆ ಎಂದು ಅರ್ಥ.